ತೆರೆಯ ಮೇಲಿನ ಕೀಲಿಮಣೆ: ಅಕ್ಷರ ಮೂಡಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನೆರೆಮನೆಯ ಹಿರಿಯರೊಬ್ಬರಿಗೆ ಜಾಲತಾಣವೊಂದರಲ್ಲಿ ಅರ್ಜಿ ತುಂಬಲು ನೆರವಾಗುತ್ತಿದ್ದೆ. ಅವರ ಕಂಪ್ಯೂಟರಿನಲ್ಲಿ ಕನ್ನಡ ತಂತ್ರಾಂಶ ಇರಲಿಲ್ಲವಾದ್ದರಿಂದ ಬ್ರೌಸರಿಗೆ ಹೆಚ್ಚುವರಿ ಸೌಲಭ್ಯ ನೀಡುವ ಎಕ್ಸ್‌ಟೆನ್ಷನ್ ಒಂದನ್ನು ಸೇರಿಸಿಕೊಂಡು, ತೆರೆಯ ಮೇಲೆ ಮೂಡುವ ಕೀಲಿಮಣೆಯನ್ನು ಮೌಸಿನಿಂದ ಒತ್ತುತ್ತ ಹೆಸರು, ವಿಳಾಸಗಳನ್ನು ಬರೆದೆವು. ಅಕ್ಷರಗಳೆಲ್ಲ ಕಣ್ಣೆದುರೇ ಇದ್ದರೂ ಅರ್ಜಿ ಸಲ್ಲಿಸಹೋದಾಗ ಹೆಸರಿನ ಖಾನೆ ಖಾಲಿ ಇದೆಯೆಂಬ ಎಚ್ಚರಿಕೆ ಬಂತು. ಪ್ರತಿ ಖಾನೆಯಲ್ಲೂ ನಿಜವಾದ ಕೀಲಿಮಣೆಯ ಸ್ಪೇಸ್ ಒಮ್ಮೆ ಒತ್ತಿ ಅಳಿಸಿದ ಮೇಲೆಯೇ ಅರ್ಜಿ ಮುಂದೆ ಹೋಯಿತು.

ಇದಕ್ಕೆ ಕಾರಣ ಸರಳ. ಎಕ್ಸ್‌ಟೆನ್ಷನ್ನಿನೊಳಗಿನ ಆದೇಶಗಳ ಸರಣಿ (ಸ್ಕ್ರಿಪ್ಟ್) ‘ಕೀಲಿ ಒತ್ತಲಾಯಿತು’ ಎಂದು ಸಾರಿದ ಮಾತ್ರಕ್ಕೆ ಬ್ರೌಸರ್ ಅದನ್ನು ಬಳಕೆದಾರನ ಬೆರಳೆಂದು ನಂಬಿ ಅಕ್ಷರ ಮೂಡಿಸುವುದಿಲ್ಲ. ಹಾಗಾಗಿ ಎಕ್ಸ್‌ಟೆನ್ಷನ್ ತಾನೇ ಖಾನೆಯಲ್ಲಿ ಅಕ್ಷರ ಇಡಬೇಕು, ಜೊತೆಗೆ ‘ಪಠ್ಯ ಬದಲಾಗಿದೆ’ ಎಂದು ಪುಟಕ್ಕೂ ತಿಳಿಸಬೇಕು. ಇಂದಿನ ಅನೇಕ ಅರ್ಜಿಪುಟಗಳು ಬರೆದದ್ದರ ಒಂದು ನಕಲು ಪ್ರತಿಯನ್ನು ತಮ್ಮಲ್ಲಿ ಬೇರೆಯಾಗಿ ಇಟ್ಟುಕೊಳ್ಳುತ್ತವೆ. ಸುದ್ದಿ ಮುಟ್ಟದಿದ್ದರೆ ಆ ಪ್ರತಿ ಖಾಲಿಯೇ ಉಳಿಯುತ್ತದೆ. ತೆರೆಯ ಮೇಲಿನ ಕೀಲಿ ಒತ್ತಿದೊಡನೆ ಖಾನೆಯಿಂದ ಕರ್ಸರ್ ಜಾರಿಹೋಗುವುದೂ ಇಂಥದೇ ಅಲಕ್ಷ್ಯದ ಫಲ.

ಇದಕ್ಕಿಂತ ಹೆಚ್ಚು ಯೋಚನೆ ಬೇಡುವುದು ನಮ್ಮ ಲಿಪಿ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿವಿನ್ಯಾಸದಲ್ಲಿ ಟಿ ಕೀಲಿಗೆ ‘ತ’, ಕ್ಯೂ ಕೀಲಿಗೆ ‘ಟ’. ಬೆರಳು ಪಳಗಿದವರಿಗೆ ಇದು ಸಲೀಸು, ಹೊಸಬರಿಗೆ ಹುಡುಕಾಟ. ಇಂಗ್ಲಿಷ್ ಕೀಲಿಮಣೆಯ ಚಿತ್ರಕ್ಕೆ ಕನ್ನಡ ಅಕ್ಷರ ಅಂಟಿಸಿ ಬಿಡುವ ಬದಲು, ‘ಕ’ ಒತ್ತಿದ ಕೂಡಲೇ ಸ್ವರಗಳ ಕೀಲಿಗಳು ಕಾ, ಕಿ, ಕೀ ಎಂದು ಗುಣಿತಾಕ್ಷರ ತೋರಿಸುವಂತಾದರೆ ಹುಡುಕಾಟ ಎಷ್ಟೋ ತಗ್ಗುತ್ತದೆ. ‘ಸೂರ್ಯ’ದ ‘ರ್ಯ’ಕ್ಕೂ ‘ರ‍್ಯಾಂಕ್’ ಪದದ ‘ರ‍್ಯಾ’ಕ್ಕೂ ಯೂನಿಕೋಡಿನಲ್ಲಿ (ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತವ್ಯವಸ್ಥೆ) ಇರುವ ಅಂತರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ, ಅದನ್ನು ಸಾಮಾನ್ಯ ಬಳಕೆದಾರ ಬಲ್ಲವನಾಗಿರಬೇಕೆಂದು ನಿರೀಕ್ಷಿಸದೆ, ‘ರ‍್ಯ’ವನ್ನೇ ಒಂದು ಕೀಲಿಯಾಗಿ ಕೊಡುವುದು ಲೇಸು. ಅಳಿಸುವ ಕೀಲಿಯದು ಇನ್ನೊಂದು ತಕರಾರು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯೂನಿಕೋಡಿಗೆ ಆರು ಸಂಕೇತ. ಇಡೀ ಅಕ್ಷರವನ್ನೇ ಅಳಿಸಿಬಿಟ್ಟರೆ ‘ಸ್ತ್ರಿ’ ಎಂದು ತಪ್ಪಿದವರು ದೀರ್ಘವೊಂದಕ್ಕಾಗಿ ಮೊದಲಿನಿಂದ ಬರೆಯಬೇಕಾಗುತ್ತದೆ. ಕೊನೆಗೆ ಒತ್ತಿದ್ದು ಮಾತ್ರ ಮೊದಲು ಹೋಗಲಿ ಎಂಬುದು ನನ್ನ ಮತ. ಇದನ್ನು ಒಪ್ಪದ ಗೆಳೆಯರೂ ನನಗಿದ್ದಾರೆ.

ಕೊನೆಯದಾಗಿ ಅನುಮತಿಯ ವಿಚಾರ. ಇಂಥ ಹಲವು ಎಕ್ಸ್‌ಟೆನ್ಷನ್‌ಗಳು ಅನುಸ್ಥಾಪನೆಯ ವೇಳೆ ಎಲ್ಲ ಜಾಲತಾಣಗಳ ಮಾಹಿತಿಯನ್ನು ಓದುವ, ಬದಲಿಸುವ ಅಧಿಕಾರ ಕೇಳುತ್ತವೆ. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತೆಂಬುದನ್ನು ಎಷ್ಟು ಜನ ಗಮನಿಸುತ್ತಾರೆ? ಬಳಕೆದಾರ ಎಕ್ಸ್‌ಟೆನ್ಷನ್ನಿನ ಚಿಹ್ನೆಯನ್ನು ಒತ್ತಿದ ಟ್ಯಾಬಿಗಷ್ಟೇ, ಆ ಹೊತ್ತಿಗಷ್ಟೇ ಪ್ರವೇಶ ಪಡೆಯುವ ಏರ್ಪಾಡು ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಇದೆ. ಕನ್ನಡಕ್ಕಾಗಿ ಇಂಥ ಸಲಕರಣೆ ಸಿದ್ಧಪಡಿಸುವ ತಂತ್ರಜ್ಞರು ಅದನ್ನೇ ಬಳಸಿ, ಪಾಸ್‌ವರ್ಡ್ ಖಾನೆಗಳಲ್ಲಿ ಕೀಲಿಮಣೆ ತೆರೆದುಕೊಳ್ಳದಂತೆ ನೋಡಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓದುಗ, ಶಿವಮೊಗ್ಗ