ದೊರೆಗೊಂದು ಪತ್ರ, ರೆಕಾರ್ಡು ತಲುಪಿದ ಬಗ್ಗೆ

ದೊರೆ,

ರೊಡ್ರಿಗೆಜ್‌ನ 'ಕೋಲ್ಡ್ ಫ್ಯಾಕ್ಟ್' ರೆಕಾರ್ಡು ಬಂತು. ಮನೆಯಲ್ಲಿ ಪ್ಲೇಯರೇ ಇಲ್ಲದವನಿಗೆ ಎಲ್‌ಪಿ ಕಳಿಸಿದ್ದೀಯಲ್ಲ, ಬಕೆಟ್ ಪ್ರಕರಣದ ಸೇಡು ತಾನೇ? (ಓದುತ್ತಿರುವ ಉಳಿದವರು ಬಕೆಟ್ ವಿಷಯ ಕೇಳಬೇಡಿ. ಹೇಳುವುದಿಲ್ಲ.)

ಅಶೋಕ ರಸ್ತೆ ಕಡೆಯ ಒಬ್ಬ ರಿಪೇರಿಯವರ ಹತ್ತಿರ ಹಳೇ ಪ್ಲೇಯರ್ ಇದೆ. ಅಲ್ಲಿಗೇ ಹೊತ್ತುಕೊಂಡು ಹೋದೆ. ಕವರ್ ಮೇಲೆ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಚಕ್ಕಳಮಕ್ಕಳ ಕೂತವನನ್ನು ನೋಡಿ, "ಯಾವ ಮಠದ ಸ್ವಾಮಿಗಳು ಇವರು?" ಅಂದರು. ತುಮಕೂರಿನಲ್ಲಿ ಇನ್ನೇನು ಕೇಳುತ್ತಾರೆ ಹೇಳು! ಅಂಚಿನಲ್ಲಿ ಹಿಡಿಯಲಿಲ್ಲ ಅಂತ ನನ್ನನ್ನು ಗದರಿಸಿದರು. ಪಂಚೆಯ ತುದಿಯಲ್ಲಿ ಧೂಳು ಒರೆಸಿ ಮುಳ್ಳು ಇಳಿಸಿದರು. ಕರಕರ ಸದ್ದೇ ಇಲ್ಲ. "ಓ, ಹೊಸ ಮಾಲು" ಅಂತ ಅವರಿಗೆ ಬೇಜಾರಾಯಿತು.

ನಿನಗೆ ಗೊತ್ತಿರುವ ಕಥೆಯೇ, ಉಳಿದವರಿಗೋಸ್ಕರ ಹೇಳುತ್ತೇನೆ. ಹಾಡಿದವನು ಸಿಕ್ಸ್ಟೋ ರೊಡ್ರಿಗೆಜ್, ಡೆಟ್ರಾಯಿಟ್‌ನವನು. 1970ರಲ್ಲಿ 'ಕೋಲ್ಡ್ ಫ್ಯಾಕ್ಟ್', ಮುಂದಿನ ವರ್ಷ ಇನ್ನೊಂದು. ಅಮೆರಿಕದಲ್ಲಿ ಎರಡನ್ನೂ ಕೊಳ್ಳುವವರಿರಲಿಲ್ಲ. ಹಳೇ ಕಟ್ಟಡ ಕೆಡವುವ ಕೂಲಿಗೆ ಹೋದ. ಅತ್ತ ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಹುಡುಗರಿಗೆ ಅವನೇ ದೇವರು. ವೇದಿಕೆಯ ಮೇಲೇ ಸತ್ತ ಅಂತ ಅಲ್ಲಿ ಪುಕಾರು. ರೇಡಿಯೋದಲ್ಲಿ ಯಾರೂ ಹಾಕಬಾರದು ಅಂತ ಒಂದು ಹಾಡಿನ ಮೇಲೆ ರೆಕಾರ್ಡನ್ನೇ ಗೀರಿ ಇಟ್ಟಿದ್ದರಂತೆ. ಸತ್ತವನು 1998ರಲ್ಲಿ ಅಲ್ಲಿಗೇ ಹೋಗಿ ಹಾಡಿದ! 2008ರಲ್ಲಿ ಸಿಯಾಟಲ್‌ನ ಲೈಟ್ ಇನ್ ದಿ ಆಟಿಕ್ ಅನ್ನೋ ರೆಕಾರ್ಡ್ ಕಂಪನಿಯವರು 'ಕೋಲ್ಡ್ ಫ್ಯಾಕ್ಟ್' ಮತ್ತೆ ತಂದರು. 2023ರಲ್ಲಿ, 81ನೇ ವಯಸ್ಸಿನಲ್ಲಿ, ನಿಜವಾಗಿ ತೀರಿಕೊಂಡ.

ಇವನ ಬಗ್ಗೆ ಬಂದು ಆಸ್ಕರ್ ಗೆದ್ದ ಸಾಕ್ಷ್ಯಚಿತ್ರ 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್' ಒಂದು ವಿಷಯ ನುಂಗಿಹಾಕಿದೆ. 1979ರಲ್ಲಿ, 1981ರಲ್ಲಿ ಅವನು ಆಸ್ಟ್ರೇಲಿಯಾಕ್ಕೆ ಹೋಗಿ ಹಾಡಿ ಬಂದಿದ್ದ. ಯಾರು ಕರೆದರೂ ಹೋಗುತ್ತಿದ್ದ ಪುಣ್ಯಾತ್ಮ. ಇದು ನನಗೆ ಯಾಕೋ ಚುಚ್ಚಿತು ಕಣೋ.

ಕಾಲೇಜು ಮುಗಿದ ಮೇಲೆ ಹಾಡು ಬರೆಯುವುದು ಬಿಟ್ಟೆ ಅಂತ ನಿನಗೂ ಹೇಳಿದ್ದೆ, ಅಲ್ವಾ? ಬಿಟ್ಟಿಲ್ಲ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು ಫೋನಿಗೆ ಮೆಲ್ಲಗೆ ಹಾಡುತ್ತೇನೆ. ಯಾರೂ ತೆರೆಯದಿರಲಿ ಅಂತ 'ನೀರಿನ ಬಿಲ್ಲು' ಅಂತ ಹೆಸರು ಕೊಟ್ಟು ಸೇವ್ ಮಾಡುತ್ತೇನೆ. ಆದರೂ ಒಂದು ದಿನ ಯಾರೋ ಬಂದು ಹುಡುಕಿ ತೆಗೆಯುತ್ತಾರೆ, ಹಾರ ಹಾಕುತ್ತಾರೆ ಅಂತ ಒಳಗೊಳಗೇ ಕಾಯುತ್ತಿದ್ದೇನೆ. ರೊಡ್ರಿಗೆಜ್ ಕಥೆ ನನಗೆ ಅಷ್ಟು ಇಷ್ಟವಾಗಿದ್ದು ಇದಕ್ಕೇ ಇರಬೇಕು. ಆದರೆ ಅವನು ಎರಡು ರೆಕಾರ್ಡು ಜನರ ಮುಂದೆ ಇಟ್ಟ, ಜನ ಬೇಡ ಅಂದರು, ಅದನ್ನು ನುಂಗಿಕೊಂಡು ಕೂಲಿಗೆ ಹೋದ. ನಾನೋ, ನನ್ನ ಹಾಡು ಬೇಡ ಅನ್ನುವುದಕ್ಕೆ ಯಾರಿಗೂ ಅವಕಾಶವನ್ನೇ ಕೊಟ್ಟಿಲ್ಲ. ನಿನಗೂ ಕೊಟ್ಟಿಲ್ಲ. ಅದು ಸಂಕೋಚ ಅಂದುಕೊಂಡಿದ್ದೆ. ಜಂಬ ಅನ್ನಿಸುತ್ತಿದೆ ಈಗ.

ಜಾಸ್ತಿ ಆಯಿತು. ಇದನ್ನು ನಮ್ಮವಳೂ ಓದುತ್ತಾಳೆ. ಇನ್ನು ಮೇಲೆ ನಿಜವಾದ ನೀರಿನ ಬಿಲ್ಲು ಬಂದರೂ ನಂಬುವುದಿಲ್ಲ. ಭಾನುವಾರ ಕ್ಯಾತ್ಸಂದ್ರಕ್ಕೆ ಬಾ. ತಟ್ಟೆ ಇಡ್ಲಿ ನನ್ನ ಲೆಕ್ಕ. ಹಾಡು ಅಂತ ಬಾಯಿ ತೆರೆದರೆ ಮಾತ್ರ ಇಡೀ ಬಿಲ್ಲು ನಿನ್ನದು.

ನಿನ್ನ,
ಎರಡನೇ ಬಕೆಟ್ಟು