ಎರಡನೇ ಪ್ಯಾಕೆಟ್ಟಿಗೆ ಕೈ ಹೋಗುವ ಹೊತ್ತು

ಮಾನ್ಯ ಸಂಪಾದಕರೇ,

ಕುಮಟಾ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಹಾಕಿ 19 ವರ್ಷ ಆಯ್ತು. ಸಂಜೆ ನಾಲ್ಕಕ್ಕೆ ಕಾಲೇಜು ಬಿಟ್ಟರೆ ಮಿರ್ಜಾನ, ಕತಗಾಲ, ಸಂತೇಗುಳಿ ಕಡೆಯ ಮಕ್ಕಳು ಬಸ್ಸಿಗೆ ಕಾಯುವುದು ನನ್ನ ಅಂಗಡಿ ಮುಂದೆಯೇ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವರು. ಮಧ್ಯಾಹ್ನ ಡಬ್ಬಿಯ ತಣ್ಣಗಿನ ಅನ್ನ ಅರ್ಧ ತಿಂದು ಅರ್ಧ ಹಾಗೇ ಇಟ್ಟಿರುತ್ತಾರೆ. ಕೆಲವರಿಗೆ ಬಸ್ಸು ಐದೂವರೆಗೆ. ಅಲ್ಲಿಯವರೆಗೆ ಅವರು ಏನು ತಿನ್ನುತ್ತಾರೆ ಎಂದು ನನಗೆ ಗೊತ್ತಿರುವಷ್ಟು ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ.

ಮೊದಲನೇ ಚಿಪ್ಸ್ ಪ್ಯಾಕೆಟ್ ಹಸಿವಿಗೆ. ಎರಡನೆಯದಕ್ಕೆ ಹಸಿವೆ ಬೇಕಾಗಿಲ್ಲ. ಮಾತಾಡುತ್ತಾ, ಮೊಬೈಲ್ ನೋಡುತ್ತಾ, ತಲೆ ಮೇಲೆ ನೇತಾಡುವ ಸರದಿಂದ ಪರ್ರನೆ ಹರಿದುಕೊಳ್ಳುತ್ತಾರೆ. ದುಡ್ಡು ಕೊಡುವಾಗ "ಎರಡು ತಗೊಂಡ್ನಾ ಅಂಕಲ್?" ಎಂದು ನನ್ನನ್ನೇ ಕೇಳುತ್ತಾರೆ.

ಇದನ್ನು ನಾನು ದಿನಾ ನೋಡುತ್ತಿದ್ದೆ, ಆದರೆ ಯೋಚನೆಗೆ ಹಚ್ಚಿದ್ದು ನನ್ನ ಮಗಳು. ಸೆಕೆಂಡ್ ಪಿಯುಸಿ ಓದುತ್ತಿದ್ದಳು. ಒಂದಿನ ಪೆನ್ಸಿಲ್ ಬೇಕಾಗಿ ಅವಳ ಕಂಪಾಸ್ ಬಾಕ್ಸ್ ತೆಗೆದೆ. ಒಳಗೆ ಬಿಸ್ಕೆಟ್, ಚಾಕಲೇಟಿನ ಖಾಲಿ ಕಾಗದಗಳು. ಒಂದೊಂದನ್ನೂ ಮಡಚಿ ಮಡಚಿ ಉಗುರಿನಷ್ಟು ಮಾಡಿ ಜೋಡಿಸಿ ಇಟ್ಟಿದ್ದಳು. ಎಣಿಸಿದೆ, ಹನ್ನೊಂದು ಇತ್ತು. ಸಿಟ್ಟು ಬಂದು "ಹೊಟ್ಟೆಬಾಕಿ, ನಾಲಿಗೆ ಮೇಲೆ ಸ್ವಲ್ಪನಾದ್ರೂ ಹಿಡಿತ ಬೇಡ್ವಾ?" ಎಂದು ಬೈದೆ. ಅವಳು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: "ಅಪ್ಪಾ, ಹಸಿವೆ ಅಲ್ಲ. ಓದಿ ಓದಿ ತಲೆ ಕೆಲಸ ಮಾಡೂದು ನಿಂತ ಮೇಲೆ ಕೈ ತಾನೇ ಹೋಗ್ತದೆ." ಮರುದಿನದಿಂದ ರಾತ್ರಿ ಊಟ ಬಿಟ್ಟಳು. ಹನ್ನೆರಡು ಗಂಟೆಗೆ ಅಡುಗೆಮನೆಯಲ್ಲಿ ಡಬ್ಬಿ ಮುಚ್ಚಳದ ಸದ್ದು ಮೊದಲಿಗಿಂತ ಜಾಸ್ತಿಯಾಯಿತು.

ಧಾರವಾಡದಲ್ಲಿ ಮನಃಶಾಸ್ತ್ರ ಓದುವ ನನ್ನ ತಂಗಿಯ ಮಗಳು ಹಬ್ಬಕ್ಕೆ ಬಂದವಳು ನನ್ನನ್ನು ಕೂರಿಸಿಕೊಂಡು ಹೇಳಿದಳು. ಹಣೆಯ ಹಿಂದಿರುವ ಮೆದುಳಿನ ಭಾಗ ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗಂತೆ. ಶುರು ಮಾಡಿದ್ದನ್ನು ತಡೆಯುವುದು, ಈಗಷ್ಟೇ ಮಾಡಿದ್ದನ್ನು ನೆನಪಲ್ಲಿ ಇಟ್ಟುಕೊಳ್ಳುವುದು, ಮನಸ್ಸನ್ನು ಬೇರೆ ಕಡೆ ತಿರುಗಿಸುವುದು, ಈ ಮೂರೂ ಹೆಚ್ಚಾಗಿ ಆ ಭಾಗದ ಕೆಲಸ. ಕೇಳಿದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಆ ಎರಡನೇ ಪ್ಯಾಕೆಟ್. ಇಂಥ ಕೆಲಸಗಳಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಮಿತಿಮೀರಿ ತಿನ್ನುವುದು ಜಾಸ್ತಿ ಕಾಣುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ಹಾಗಂತ ಅವರು ದಡ್ಡರಲ್ಲ. ನನ್ನ ಮಗಳು ಗಣಿತದಲ್ಲಿ ಮುಂದೆ. ನಿದ್ದೆಗೆಟ್ಟರೆ ಹಸಿವೆ ಹೆಚ್ಚುತ್ತದೆ, ಸಿಹಿ ಮತ್ತು ಕರಿದದ್ದರ ಕಡೆಗೇ ಮನಸ್ಸು ಎಳೆಯುತ್ತದೆ. ಪರೀಕ್ಷೆ ಸಮಯದಲ್ಲಿ ಅವಳಿಗೆ ನಿದ್ದೆ ಎಲ್ಲಿತ್ತು?

ತಂಗಿಯ ಮಗಳು ಹೇಳಿದ ಇನ್ನೊಂದು ವಿಷಯ ನನ್ನ ತಲೆಯಿಂದ ಹೋಗಲೇ ಇಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎನ್ನುವ ಮನಃಶಾಸ್ತ್ರಜ್ಞರು 1970ರ ಆಸುಪಾಸಿನಲ್ಲಿ ಶಾಲೆಗೆ ಸೇರದ ಪುಟ್ಟ ಮಕ್ಕಳ ಮುಂದೆ ತಿಂಡಿ ಇಟ್ಟು ನೋಡಿದರು. ಈಗಲೇ ಬೇಕಾದರೆ ಒಂದು, ಕಾದರೆ ಎರಡು. ತಿಂಡಿಯನ್ನೇ ದಿಟ್ಟಿಸಿ ಕೂತವರು ಬೇಗ ಸೋತರು. ಕಣ್ಣು ಮುಚ್ಚಿಕೊಂಡವರು, ಹಾಡು ಹೇಳಿಕೊಂಡವರು ಜಾಸ್ತಿ ಹೊತ್ತು ಕಾದರು. ತಿಂಡಿಯನ್ನು ಮುಚ್ಚಿಟ್ಟರೆ ಕಾಯುವುದು ಇನ್ನೂ ಸುಲಭವಾಯಿತು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿ ಬಂದರು ಎಂದು ಬಹಳ ಪ್ರಚಾರವಾಯ್ತು. ಆದರೆ 2018ರಲ್ಲಿ ಜಾಸ್ತಿ ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಮನೆಯ ಪರಿಸ್ಥಿತಿ ಲೆಕ್ಕಕ್ಕೆ ಹಿಡಿದರೆ ಆ ನಂಟು ತುಂಬಾ ಸಣ್ಣದು ಎಂದು ಗೊತ್ತಾಯಿತಂತೆ.

ಕಣ್ಣೆದುರು ಇದ್ದರೆ ಸೋಲು, ಮರೆಯಲ್ಲಿದ್ದರೆ ಸುಲಭ. ಹಾಗಾದರೆ ಹಸಿದು ದಣಿದ ಹದಿನಾರರ ಮಕ್ಕಳ ತಲೆ ಮೇಲೆ ಸಾಲಾಗಿ ಸರ ಕಟ್ಟಿದವನು ನಾನೇ ಅಲ್ವಾ? ನನಗೆ ನಿಜವಾಗಿಯೂ ಸಂಕಟವಾಯಿತು.

ಈಗ ಎಲ್ಲಾ ಸರಗಳನ್ನೂ ಒಳಗೆ, ನನ್ನ ಬೆನ್ನ ಹಿಂದೆ ಕಟ್ಟಿದ್ದೇನೆ. ಮುಂದೆ ಬಾಳೆಗೊನೆ, ಬೇಯಿಸಿದ ಶೇಂಗಾ, ಮಜ್ಜಿಗೆ, ಬೇಸಿಗೆಯಲ್ಲಿ ಕೋಕಂ ಶರಬತ್ತು. ಚಿಪ್ಸ್ ಕೇಳಿದರೆ ಕೊಡುತ್ತೇನೆ. ಕೇಳಬೇಕು, ಅಷ್ಟೇ. ಮೊದಲನೇ ಪ್ಯಾಕೆಟ್ ಕೇಳುವವರು ಈಗಲೂ ಕೇಳುತ್ತಾರೆ. ಎರಡನೆಯದು ಬಹಳ ಕಡಿಮೆಯಾಗಿದೆ. ಚಿಪ್ಸ್ ತಂದು ಹಾಕುವ ಲೈನ್‌ಸೇಲ್ ಹುಡುಗ ಬೇಜಾರು ಮಾಡಿಕೊಂಡ. ನನ್ನ ವ್ಯಾಪಾರವೂ ಸ್ವಲ್ಪ ಇಳಿದಿದೆ, ಶೇಂಗಾ ಅದನ್ನು ಪೂರ್ತಿ ತುಂಬಿಕೊಟ್ಟಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಶಾಲೆಯ ಕ್ಯಾಂಟೀನಿನಲ್ಲಿ, ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಎಷ್ಟು ಶಾಲೆ ಮುಂದೆ ಇದು ನಡೆಯುತ್ತಿದೆ ಎಂದು ನಿಮ್ಮ ವರದಿಗಾರರು ಒಮ್ಮೆ ಅಳೆದು ನೋಡಿ ಬರೆಯಬೇಕು. ಕಾಲೇಜಿನವರು ದೂರದ ಮಕ್ಕಳಿಗೆ ನಾಲ್ಕು ಗಂಟೆಗೆ ಕೂತು ಏನಾದರೂ ತಿನ್ನಲು ಒಂದು ಜಾಗ ಮಾಡಿಕೊಟ್ಟರೆ ದೊಡ್ಡ ಉಪಕಾರ. ಒಂದು ಹಿಡಿ ಅವಲಕ್ಕಿಯಾದರೂ ಸಾಕು.

ತಂದೆ ತಾಯಂದಿರಿಗೆ ಒಂದು ಮಾತು. ಮಕ್ಕಳು ಕದ್ದು ತಿನ್ನುತ್ತಿದ್ದರೆ, ನಿಲ್ಲಿಸಲು ಆಗದೆ ಆಮೇಲೆ ಅಳುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡುತ್ತಿದ್ದರೆ ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಾನು ಬೈದು ಕಳೆದುಕೊಂಡ ಎರಡು ತಿಂಗಳು ಇನ್ನೊಬ್ಬರಿಗೆ ಆಗಬಾರದು.

ನನ್ನಂಥ ಅಂಗಡಿಯವರು ಒಂದೇ ವಾರ ಸರಗಳನ್ನು ಒಳಗೆ ಕಟ್ಟಿ ನೋಡಿ. ಏನಾಯ್ತು ಎಂದು ನನಗೂ ಹೇಳಿ.

ಇಂತಿ,
ಒಬ್ಬ ಅಂಗಡಿಕಾರ, ಕುಮಟಾ