ಖೀಮಾ-ತರಕಾರಿ ಸೂಪ್ ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ ರೀ. ಧಾರವಾಡದ ಜಿಟಿಜಿಟಿ ಮಳೆಗೆ ಹೊಟ್ಟೆ ತುಂಬುವ ಸೂಪ್ ಹೇಳಿ ಅಂತ ಕೇಳಿದ್ದಿರಿ ಅಲ್ವಾ, ಇಲ್ಲಿದೆ. ಹೊರದೇಶಗಳಲ್ಲಿ ಇದಕ್ಕೆ ದನದ ಮಾಂಸದ ಖೀಮಾ ಹಾಕುತ್ತಾರೆ, ನಾನು ಹಾಕೋದು ಮಟನ್ ಖೀಮಾ. ಐದಾರು ಜನಕ್ಕೆ ಅರ್ಧ ಕೆಜಿ ಸಾಕು. ಅವತ್ತೇ ಕಣ್ಣೆದುರಿಗೆ ಮಾಡಿಸಿ ತನ್ನಿ, ಖೀಮಾ ತುಂಡು ಮಾಂಸಕ್ಕಿಂತ ಬೇಗ ಕೆಡುತ್ತದೆ.

ರುಚಿಯೆಲ್ಲ ಇರೋದು ಹುರಿಯೋದರಲ್ಲಿ. ದಪ್ಪ ತಳದ ಪಾತ್ರೆ ಚೆನ್ನಾಗಿ ಕಾದ ಮೇಲೆ ಖೀಮಾ ಹಾಕಿ, ಸುಮ್ನೆ ಕೆದಕುತ್ತಾ ಇರಬೇಡಿ. ಮೊದಲು ನೀರು ಬಿಡುತ್ತದೆ, ಆ ನೀರು ಪೂರ್ತಿ ಇಂಗಿ, ಚಟಚಟ ಸದ್ದು ಶುರುವಾಗಿ, ತಳದಲ್ಲಿ ಕಂದು ಬಣ್ಣ ಹಿಡಿಯುವ ತನಕ ದಯವಿಟ್ಟು ಕಾಯಿರಿ. ಕೊಬ್ಬು ಜಾಸ್ತಿ ಅನಿಸಿದರೆ ಸ್ವಲ್ಪ ತೆಗೆದುಬಿಡಿ. ಆಮೇಲೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಟೊಮೆಟೊ, ಒಂದು ಚಮಚ ಬ್ಯಾಡಗಿ ಖಾರಪುಡಿ. ಬ್ಯಾಡಗಿಯೇ ಇರಲಿ, ಖಾರ ಕಡಿಮೆ, ಬಣ್ಣ ಚಂದ.

ಒಂದೂವರೆ ಲೀಟರ್ ಬಿಸಿನೀರು ಹಾಕಿ, ತಳಕ್ಕೆ ಹಿಡಿದದ್ದನ್ನು ಕೆರೆದು ಬಿಡಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ತರಕಾರಿ ಒಟ್ಟಿಗೆ ಸುರಿಯಬೇಡಿ. ಗಜ್ಜರಿ, ಆಲೂಗಡ್ಡೆ ಮೊದಲು. ಬೀನ್ಸ್, ಎಲೆಕೋಸು ಕೊನೆಯ ಹತ್ತು ನಿಮಿಷಕ್ಕೆ. ಉಪ್ಪು, ಕಾಳುಮೆಣಸು, ಇಳಿಸಿದ ಮೇಲೆ ಲಿಂಬು.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ, ಮತ್ತೆ ಬಡಿಸುವಾಗ ಬರೀ ಬೆಚ್ಚಗೆ ಮಾಡೋದಲ್ಲ, ಪೂರ್ತಿ ಕುದಿಯಬೇಕು. ಫ್ರೀಜರ್‌ನಲ್ಲಿ ಇಡುವವರು ಆಲೂಗಡ್ಡೆ ಬಿಟ್ಟುಬಿಡಿ, ಕರಗಿದಾಗ ಪುಡಿಪುಡಿ ಆಗುತ್ತದೆ. ಜೋಡಿಗೆ ಬಿಸಿ ಜೋಳದ ರೊಟ್ಟಿ ಇದ್ದರೆ ಬೇರೆ ಊಟವೇ ಬೇಡ. ಮಾಡಿದವರು ಫೋಟೊ ಹಾಕಿ.